ತಿರುಗಿ ಕೊಟ್ಟ ಕಾಯಿಗಳು

ಕಲಘಟಗಿ ಕೋರ್ಟಿನಿಂದ ದೇವಿಕೊಪ್ಪದ ಮನೆಗೆ ಬಂದವಳೇ ಮಹಾನಂದಾ ಒಲೆ ಹಚ್ಚಿದಳು. ಬೆಳಗಿನಿಂದ ಯಾರ ಹೊಟ್ಟೆಗೂ ಏನೂ ಬಿದ್ದಿರಲಿಲ್ಲ. ಅವಳು ರೊಟ್ಟಿ ಬಡಿಯುವ ಸದ್ದು ಪಡಸಾಲೆಯ ತನಕ ಬರುತ್ತಿತ್ತು. ಎರಡು ವರ್ಷದ ಶಿಕ್ಷೆ ಆದದ್ದು ಅವಳ ಗಂಡ ಕಾಶಿನಾಥನಿಗೆ. ಅವನು ಗೋಡೆಗೆ ಬೆನ್ನು ಹಚ್ಚಿ ಸುಮ್ಮನೆ ಕೂತಿದ್ದ. ಅಡ್ಡಾಡುತ್ತಿದ್ದವರು ಅವನ ತಂದೆ ಮಡಿವಾಳೆಪ್ಪನವರು. ಬಾಗಿಲಿನಿಂದ ದೇವರ ಜಗಲಿ, ಜಗಲಿಯಿಂದ ಬಾಗಿಲು.

"ಚಪ್ಪಲಿ ಕಳೀರಿ," ಎಂದಳು ಅವರ ಹೆಂಡತಿ ಶಾರದವ್ವ. "ಜಗಲಿ ಮುಂದ ಅಡ್ಡಾಡಾಕತ್ತೀರಿ."

ಮಡಿವಾಳೆಪ್ಪ ಕಾಲು ನೋಡಿಕೊಂಡರು. ವರ್ಷವರ್ಷವೂ ಶ್ರಾವಣದಲ್ಲಿ ಗುಡಿಯ ಪುರಾಣ ಓದುವ ಮನುಷ್ಯ ದೇವರ ಮುಂದೆ ಚಪ್ಪಲಿ ಮೆಟ್ಟಿ ನಿಂತದ್ದು ಅದೇ ಮೊದಲು. ಹೊರಗೆ ಹೋಗಿ ಕಳೆದು ಬಂದು ಮತ್ತೆ ಅಡ್ಡಾಡಿದರು.

"ಅಪೀಲಿಗೆ ಒಂದು ತಿಂಗಳ ಟೈಮ್ ಐತಂತ. ಅಲ್ಲೀತನಕ ಜಾಮೀನು." ಹೀಗೆಂದವಳು ಕಾಶಿನಾಥನ ತಂಗಿ ಶೈಲಶ್ರೀ. ಕಲಘಟಗಿಯ ಬಟ್ಟೆ ಅಂಗಡಿಯಲ್ಲಿ ಕೆಲಸಕ್ಕಿದ್ದಳು. ಅಂಗಡಿಯಿಂದಲೇ ಕೋರ್ಟಿಗೆ ಬಂದಿದ್ದಳು. "ಧಾರವಾಡದಾಗ ಬ್ಯಾರೆ ವಕೀಲರನ್ನ ನೋಡೂಣು ಯಪ್ಪಾ."

"ಇದ್ದ ವಕೀಲ ಏನ್ ಮಾಡಿದ?"

"ನೀವು ಹೇಳಿದ್ದನ್ನ ಮಾಡಿದ," ಎಂದು ಅಡುಗೆಮನೆಯಿಂದ ಮಹಾನಂದಾ ಹೇಳಿದಳು. "ಬ್ಯಾನಿ ಸುದ್ದಿ ತಗೀಬ್ಯಾಡ ಅಂದ್ರಿ ಮಾವಾರ. ತಗೀಲಿಲ್ಲ."

ಗೋಡೆಯಾಚೆ ಗಂಟೆಯ ಸದ್ದಾಯಿತು. ಪಕ್ಕದ ಮನೆಯ ಯಾಕೂಬಸಾಬನ ಮೇಕೆ ಕೊರಳು ಕೆರೆದುಕೊಳ್ಳುತ್ತಿತ್ತು. ಆ ಗಂಟೆ ಒಮ್ಮೆ ಕಾಶಿನಾಥ ಅವರ ಬಾಗಿಲಿಗೆ ಕಟ್ಟಿದ್ದು. ಅವನು ಸದ್ದಿನ ಕಡೆ ತಿರುಗಲಿಲ್ಲ.

ಕಾಶಿನಾಥ ಊರ ಹಾಲಿನ ಸಂಘದ ಕಾರ್ಯದರ್ಶಿಯಾಗಿದ್ದವನು. ಎರಡು ವರ್ಷದ ಹಿಂದೆ ಬೇಸಿಗೆಯಲ್ಲಿ, ಮನೆಗೊಂದು ಆಕಳು ಕೊಡುವ ಯೋಜನೆ ಬಂದಿದೆ ಎನ್ನುತ್ತ ಓಣಿಓಣಿ ತಿರುಗಿದ. ಅರ್ಧ ದುಡ್ಡು ಕಟ್ಟಿಸಿಕೊಂಡು ಸಂಘದ ಪಾವತಿ ಚೀಟಿ ಹರಿದು ಕೊಟ್ಟ. ಕಟ್ಟಿದವರ ಬಾಗಿಲಿಗೆಲ್ಲ ಒಂದೊಂದು ಹಿತ್ತಾಳೆ ಗಂಟೆ ಕಟ್ಟಿ, "ಗಂಟಿ ಮೊದಲ ಬಂತು, ಆಕಳ ಹಿಂದ ಬರ್ತೈತಿ" ಎಂದ. ಅಂಥ ಯೋಜನೆಯೇ ಇರಲಿಲ್ಲ. ದುಡ್ಡು ಒಂದಷ್ಟು ಗಂಟೆಗೆ ಹೋಗಿತ್ತು, ಒಂದಷ್ಟು ಯಾವುದೋ ದನದ ಸಂತೆಯ ದಲಾಲನ ಕಿಸೆಗೆ. ಉಳಿದದ್ದು ದಾರಿಯಲ್ಲಿ ಕೈ ಚಾಚಿದವರಿಗೆ. ಮನೆಗೆ ಒಂದು ರೂಪಾಯಿಯೂ ಬಂದಿರಲಿಲ್ಲ. ಆ ದಿನಗಳಲ್ಲಿ ಅವನಿಗೆ ನಿದ್ದೆ ಇರಲಿಲ್ಲ. ತಂದೆಯಿಂದ ಕೇಳಿ ಕಲಿತ ಪದ್ಯಗಳನ್ನು ಗಂಟಲು ಹರಿಯುವಂತೆ ಹಾಡುತ್ತ ಕೆರೆ ಸುತ್ತುತ್ತಿದ್ದ.

ಮಳೆ ಹಿಡಿದ ಮೇಲೆ ಒಮ್ಮೆಲೇ ಕುಸಿದ. ಗೋಡೆ ಕಡೆ ಮುಖ ಮಾಡಿ ಮಲಗಿದವನು ತಿಂಗಳುಗಟ್ಟಲೆ ಮಾತಾಡಲಿಲ್ಲ. ಜನ ಕೇಳಿದಾಗ ಮಡಿವಾಳೆಪ್ಪ, "ಮೌನ ಅನುಷ್ಠಾನ ಹಿಡದಾನ" ಎಂದರು. ಒಬ್ಬರಿಗೆ ಹೇಳಿದ್ದು ಊರಿಗೆಲ್ಲ ಆಯಿತು. ಜನ ತೆಂಗಿನಕಾಯಿ ತಂದು ಹೊಸ್ತಿಲಲ್ಲಿ ಇಟ್ಟು, ಮಲಗಿದವನ ಬೆನ್ನಿಗೆ ಕೈಮುಗಿದು ಹೋದರು. ಶಾರದವ್ವ ಆ ಕಾಯಿ ಒಡೆದು ಅಡುಗೆ ಮಾಡಿದಳು. ಪೊಲೀಸರು ಬಂದದ್ದು ಆಮೇಲೆ.

ಆ ಸಂಜೆ ರೊಟ್ಟಿ, ಹೆಸರುಕಾಳಿನ ಪಲ್ಯ ಉಂಡದ್ದಾಯಿತು. ಮಹಾನಂದಾ ಎದ್ದು ಮುಂಬಾಗಿಲ ಕದ ಹಾಕಿದಳು. ಜಗಲಿಯ ಮೇಲಿನ ವಿಭೂತಿ ಡಬ್ಬಿಯ ತಳದಿಂದ ಗುಳಿಗೆ ತೆಗೆದು ಗಂಡನ ಕೈಗೆ ಕೊಟ್ಟಳು. ಅವನು ನುಂಗಿದ. ಅವಳು ಮತ್ತೆ ಕದ ತೆರೆದಳು. ದಿನವೂ ಹಾಗೆಯೇ ನಡೆಯುತ್ತಿತ್ತು.

*

ಧಾರವಾಡದ ವಕೀಲರ ಹೆಸರು ಪ್ರಭು. ಝೆರಾಕ್ಸ್ ಅಂಗಡಿಯ ಮೇಲೆ ಅವರ ಆಫೀಸು. ತೀರ್ಪು ಓದಿ ಮುಗಿಸಿ ಕನ್ನಡಕ ಕಳೆದು ಕೇಳಿದರು:

"ಇದರಾಗ ಅನುಷ್ಠಾನ ಅಂತ ಬಂದದಲ್ರಿ. ಏನದು?"

ಮಡಿವಾಳೆಪ್ಪ ಕಿಟಕಿಯ ಕಡೆ ನೋಡಿದರು. ಕಾಶಿನಾಥ ತನ್ನ ಅಂಗೈ ನೋಡಿಕೊಂಡ.

"ಅನುಷ್ಠಾನ ಅಲ್ರಿ ಅದು," ಎಂದಳು ಮಹಾನಂದಾ. "ಬ್ಯಾನಿ."

"ಎಂಥಾ ಬ್ಯಾನಿ?"

"ತಲೀದು. ಹೋದ ವರ್ಷ ಎರಡನೇ ಸಲ ಬಂದಾಗ, ತವರಮನಿಗೆ ಹೊಂಟೀನಂತ ಸುಳ್ಳು ಹೇಳಿ ಇಲ್ಲೇ ಧಾರವಾಡದಾಗ ದೊಡ್ಡ ದವಾಖಾನಿಗೆ ತೋರಿಸಿದೆ. ಒಮ್ಮೆ ಏರತೈತಂತ, ಒಮ್ಮೆ ಇಳೀತೈತಂತ. ಗುಳಿಗಿ ನಡದಾವು."

"ಕೆಳಗಿನ ಕೋರ್ಟಿನ್ಯಾಗ ಇದನ್ನ ಯಾಕ ಹೇಳಲಿಲ್ಲ?"

ಪ್ರಭು ಕಾಗದದ ಮೇಲೆ ಬೆರಳಿಟ್ಟರು.

"ಕೇಳ್ರಿ ಇಲ್ಲಿ. ನಿಮ್ಮೂರ ಸಾಕ್ಷಿ ಎಲ್ಲಾರೂ ಒಂದ ಮಾತು ಹೇಳ್ಯಾರ. ದುಡ್ಡು ತಗೊಂಡ ಮ್ಯಾಲ ಹುಡುಗ ಮೌನ ಅನುಷ್ಠಾನಕ್ಕ ಕುಂತ ಅಂತ. ಅದಕ್ಕ ಜಡ್ಜ್ ಸಾಹೇಬರು ಏನ್ ಬರದಾರ ಗೊತ್ತೇನು? ತಿಂಗಳುಗಟ್ಟಲೆ ಅಂಥಾ ಕಠಿಣ ವ್ರತ ನಡಸೂ ಮನಷ್ಯಾಗ ತನ್ನ ಮನಸ್ಸಿನ ಮ್ಯಾಲ ಪೂರ್ತಿ ಹಿಡಿತ ಇತ್ತು, ತಿಳಿದ ಮೋಸ ಮಾಡ್ಯಾನ, ಜನ ಬಂದು ಕೇಳಬಾರದಂತ ವ್ರತದ ಹಿಂದ ಕುಂತಾನ ಅಂತ."

"ನಾ ಹಂಗ ಹೇಳಿದ್ದು ಮಗನ ಮಾನ ಉಳಸಾಕ್ರಿ," ಎಂದರು ಮಡಿವಾಳೆಪ್ಪ.

"ಅದ ಅವನನ್ನ ಸಿಗಿಸಿಹಾಕೇದ ಯಜಮಾನ್ರ."

ವಕೀಲರು ಅದನ್ನು ಮೆಲ್ಲಗೆ ಹೇಳಿದ್ದರು. ಆದರೂ ಮಡಿವಾಳೆಪ್ಪ ಕುರ್ಚಿಯಿಂದ ಎದ್ದರು, ಎಲ್ಲಿ ಹೋಗಬೇಕೆಂದು ತಿಳಿಯದೆ ಮತ್ತೆ ಕೂತರು.

"ಡಾಕ್ಟರ ಕಾಗದ ಹೋದ ವರ್ಷದ್ದು. ಗಂಟಿ ಕಟ್ಟಿದ ದಿನದ್ದಲ್ಲ," ಎಂದು ಪ್ರಭು ಮುಂದುವರಿಸಿದರು. "ಆ ದಿನದಾಗ ಅವ ಹೆಂಗಿದ್ದ ಅಂತ ಕಣ್ಣಾರೆ ನೋಡಿದವರು ಹೇಳಬೇಕು. ಒಂದು, ನೀವು. ಅನುಷ್ಠಾನ ಅಂತ ಹೇಳಿದ್ದು ಸುಳ್ಳು ಅಂತ ಪ್ರಮಾಣ ಮಾಡಿ ಬರದು ಕೊಡಬೇಕು. ಇನ್ನೊಂದು, ಮನಿಯವರಲ್ಲದವರು ಯಾರರೆ. ಮ್ಯಾಲಿನ ಕೋರ್ಟು ಅದನ್ನ ತಗೊಂಡ್ರ ಶಿಕ್ಷಾ ನಿಲ್ಲಬಹುದು. ಇಲ್ಲಾಂದ್ರ ಅವ ಒಳಗ ಹೋಗ್ತಾನ. ಬಿಡುಗಡೆ ಆಗೇ ಆಗ್ತದಂತ ನಾ ಹೇಳಂಗಿಲ್ಲ."

ಆಗ ಕಾಶಿನಾಥ ಮಾತಾಡಿದ. "ನನ್ನ ಹುಚ್ಚ ಅಂತ ಬರೀಬ್ಯಾಡ್ರಿ ಸರ್. ಕಳ್ಳ ಅನಿಸಿಕೊಂಡ್ರ ಎರಡು ವರ್ಷ. ಹುಚ್ಚ ಅನಿಸಿಕೊಂಡ್ರ ಸಾಯೂತನಕ."

*

ಆ ವಾರ ಆ ಮನೆಯಲ್ಲಿ ಒಂದು ಊಟವೂ ನೆಟ್ಟಗೆ ಆಗಲಿಲ್ಲ. ಬೆಳಿಗ್ಗೆ ಉಪ್ಪಿಟ್ಟಿನ ಮುಂದೆ ಶುರುವಾದ ಮಾತು ಎಮ್ಮೆಗೆ ಮೇವು ಹಾಕುವಾಗ ಮುಂದುವರಿದು, ಸಂಜೆ ರೊಟ್ಟಿಯ ಹೊತ್ತಿಗೆ ಜಗಳವಾಗಿ ನಿಲ್ಲುತ್ತಿತ್ತು.

ಜಗಳದ ನಡುವೆ ಶೈಲಶ್ರೀಯ ಮದುವೆಯೂ ಇತ್ತು. ಕುಂದಗೋಳದ ಹುಡುಗ, ಕಾಳುಕಡಿ ಅಂಗಡಿಯ ಮನೆತನ. ಯುಗಾದಿಯ ಹಿಂದೆಮುಂದೆ ಬಂದು ಸೀರೆ, ಕುಪ್ಪಸ, ತೆಂಗಿನಕಾಯಿ ಉಡಿ ತುಂಬಿ ಹೋಗಿದ್ದರು. ಆ ಕಾಯಿ ಜಗಲಿಯ ಮೇಲೆ ಅರಿಷಿಣ ಹಚ್ಚಿಸಿಕೊಂಡು ಕೂತಿತ್ತು. ಅವರಿಗೆ ಹೆಣ್ಣಿಗಿಂತ ಮೊದಲು ಮನೆ ಮನಸ್ಸಿಗೆ ಬಂದಿತ್ತು. ಪುರಾಣ ಓದುವ ತಂದೆ, ಅನುಷ್ಠಾನ ಮಾಡಿದ ಮಗ.

ತೀರ್ಪಿನ ಸುದ್ದಿ ಕೇಳಿ ಹುಡುಗನ ತಾಯಿ ಫೋನ್ ಮಾಡಿದಳು. ಮಡಿವಾಳೆಪ್ಪನವರಿಗೆ ಕಿವಿ ಮಂದ. ಫೋನಿನ ಮಾತು ಮನೆಗೆಲ್ಲ ಕೇಳುವಂತೆ ಇಟ್ಟಿದ್ದರು.

"ಕೇಸು ಯಾರ ಮ್ಯಾಲರೆ ಬೀಳತಾವ್ರಿ ಬೀಗರ. ಸಂಘ ಅಂದ ಮ್ಯಾಲ ರಾಜಕೀಯ ಇರೂದ. ನಮ್ಮ ಮೈದುನನ ಮ್ಯಾಲೂ ಒಂದು ನಡದೈತಿ. ಅದರದೇನಿಲ್ಲ. ಆದ್ರ ಯಾರೋ ಒಬ್ಬರು ಅಂದ್ರು, ಹುಡುಗಗ ತಲಿ ಸುಮಾರ ಅಂತ. ಅದು ರಕ್ತದಾಗ ಬರೂ ಬ್ಯಾನಿ ನೋಡ್ರಿ. ನಾಳೆ ಮಕ್ಕಳು ಮರಿ ಆದಾವು."

"ಇಲ್ರಿ," ಎಂದರು ಮಡಿವಾಳೆಪ್ಪ. "ಅಂಥಾದ್ದೇನಿಲ್ರಿ."

ಮಹಾನಂದಾ ರೊಟ್ಟಿ ತಾಟಿಗೆ ಹಾಕದೆ ಕೈಯಲ್ಲೇ ಹಿಡಿದು ನಿಂತಳು. ಫೋನ್ ಕೆಳಗಿಟ್ಟ ಮೇಲೆ ಹೇಳಿದಳು: "ಮತ್ತೊಂದು ಸಲ ಹೇಳಿದ್ರಿ."

"ಹುಡುಗಿ ಬಾಳೇವು ಐತಿ, ತಿಳೀತೈತಿಲ್ಲೋ ನಿನಗ?"

"ನಂದೂ ಬಾಳೇವ ಐತ್ರಿ ಮಾವಾರ."

"ನನ್ನ ಹೆಸರು ಹೇಳಿ ಅಣ್ಣನ್ನ ಜೇಲಿಗೆ ಕಳಸಬ್ಯಾಡ ಯಪ್ಪಾ," ಎಂದಳು ಶೈಲಶ್ರೀ. "ಸುಳ್ಳು ಹೇಳಿ ಹೋದ ಮನ್ಯಾಗ ನಾ ದಿನಾ ಬಾಯಿ ಹೊಲಕೊಂಡು ಕುಂದ್ರಬೇಕೇನು?"

"ನಿನ್ನ ಸಲುವಾಗಿ ಅಲ್ಲ ಲೇ. ಮನಿ ಸಲುವಾಗಿ."

"ಮನಿ ಅಂದ್ರ ಯಾರ್ಯಾರು? ಅಣ್ಣ ಅದರಾಗ ಅದಾನೋ ಇಲ್ಲೋ?"

ಕಾಶಿನಾಥ ತಾಟಿನಲ್ಲಿ ಕೈ ತೊಳೆದುಬಿಟ್ಟ. "ನಿಮ್ಮದೆಲ್ಲಾ ಮುಗೀತೇನು? ಆ ದಿನದಾಗ ದೇವರು ನನ್ನ ಕೂಡ ಮಾತಾಡಿದ್ದ. ಎಷ್ಟು ಪದ್ಯ ಬಾಯಿಗೆ ಬರ್ತಿದ್ದವು ನನಗ. ಈಗ ಗುಳಿಗಿ ನುಂಗಿ ಒಂದೂ ಬರವಲ್ಲವು. ಅದನ್ನೂ ಬ್ಯಾನಿ ಅಂತ ಬರದ್ರ ನನ್ನ ಕಡೆ ಏನ್ ಉಳೀತು?"

"ದೇವರು ನಿಮ್ಮ ಕೂಡ ಮಾತಾಡಿದ," ಎಂದಳು ಮಹಾನಂದಾ. "ಪೊಲೀಸರು ನನ್ನ ಕೂಡ ಮಾತಾಡಿದ್ರು."

ಶಾರದವ್ವ ಅರ್ಧ ಬಿಟ್ಟ ರೊಟ್ಟಿಗಳನ್ನು ಆರಿಸಿ ಎಮ್ಮೆಯ ಬಾನಿಗೆ ಹಾಕಲು ಎದ್ದಳು.

*

ಹಿತ್ತಲ ಗೋಡೆಯ ಆಚೆ ಜರೀನಾಬಿ ಮೇಕೆಗೆ ಸೊಪ್ಪು ಹಾಕುತ್ತಿದ್ದಳು. ಯಾಕೂಬಸಾಬ ಅಲ್ಲೇ ಹಾಲಿನ ಕ್ಯಾನು ತೊಳೆಯುತ್ತಿದ್ದ. ಸಂಘದ ಹಾಲು ಸಾಗಿಸುವ ಟೆಂಪೋ ಅವನದು. ಮಹಾನಂದಾ ಒಗೆದ ಬಟ್ಟೆಯ ಬುಟ್ಟಿಯನ್ನು ಗೋಡೆಯ ಮೇಲಿಟ್ಟು ವಕೀಲರ ಮಾತನ್ನೆಲ್ಲ ಹೇಳಿದಳು.

"ನೀವು ಬಾಜು ಮನಿಯವರು. ಎಲ್ಲಾ ನೋಡೀರಿ ಕಾಕಾ. ಒಂದು ಮಾತು ಬಂದು ಹೇಳಬೇಕು."

"ನಾ ಅವನ ಮ್ಯಾಲ ಸಾಕ್ಷಿ ಹೇಳಿದಾಂವ ಅದೀನಿ," ಎಂದ ಯಾಕೂಬಸಾಬ. "ನನ್ನ ದುಡ್ಡೂ ಹೋಗೇತಿ."

"ಗೊತ್ತೈತ್ರಿ."

"ದುಡ್ಡು ಕೊಟ್ಟಿಯೇನು ಅಂತ ಕೇಳಿದ್ರು, ಹೌದಂದೆ. ಅವನ ತಲಿ ಹೆಂಗಿತ್ತಂತ ಯಾರೂ ಕೇಳಲಿಲ್ಲ."

ಜರೀನಾಬಿ ಸೊಪ್ಪು ಕೆಳಗೆ ಹಾಕಿ ನಡುವಿಗೆ ಕೈ ಕೊಟ್ಟು ನಿಂತಳು. "ನಾ ಅವತ್ತ ಬಂದು ಹೇಳಿದ್ದಿಲ್ಲೇನವಾ? ಹುಡುಗನ ಕಣ್ಣು ನೋಡ್ರಿ, ದವಾಖಾನಿಗೆ ಒಯ್ಯಿರಿ ಅಂತ ಹೇಳಿದೆ. ನಿಮ್ಮ ಮಾವ ಕಟ್ಟಿ ಮ್ಯಾಲ ನಾಕು ಮಂದಿ ಮುಂದ ಏನಂದ್ರು? ಇದೆಲ್ಲಾ ನಿಮಗ ತಿಳಿಯಂಗಿಲ್ಲ ಜರೀನಾ ಅಂದ್ರು. ಅವರ ಪುರಾಣ ದಿನಾ ಈ ಗ್ವಾಡಿ ದಾಟಿ ಬಂದು ನನಗ ಅರ್ಧಾ ಬಾಯಿಗೆ ಬರ್ತೈತಿ. ನನಗ ತಿಳಿಯಂಗಿಲ್ಲಂತ."

"ತಪ್ಪಾತ್ರಿ ಅಕ್ಕಾ."

"ನೀ ಯಾಕ ತಪ್ಪಂತಿ? ನೀ ಅಂದಿಯೇನು?"

ಯಾಕೂಬಸಾಬ ಕ್ಯಾನು ಬೋರಲು ಹಾಕಿದ. "ನೋಡ ತಂಗಿ, ಖರೆ ಹೇಳಾಕ ನನಗೇನೂ ಅಡ್ಡಿ ಇಲ್ಲ. ಆದ್ರ ನಾ ಮೊದಲ ಹೋಗಿ ಆ ವ್ರತ ಸುಳ್ಳು ಅಂದ್ರ ಊರಾಗ ಏನಾಗತೈತಿ ವಿಚಾರ ಮಾಡು. ಕೈಮುಗಿದ ಮಂದಿ ಸುಮ್ಮನ ಬಿಡ್ತಾರೇನು? ನಮ್ಮ ವ್ರತಕ್ಕ ಸುಳ್ಳು ಅನ್ನಾಕ ನೀ ಯಾಂವ ಅಂತಾರ. ನಾ ದಿನಾ ಇದ ಓಣ್ಯಾಗ ಹಾಲು ತುಂಬಬೇಕು. ಮೊದಲ ನಿಮ್ಮ ಮನಿಯವರು ಊರಾಗ ಹೇಳ್ರಿ. ಆಮ್ಯಾಲ ನಾ ಬರ್ತೀನಿ. ಬಸ್ಸಿನ ಚಾರ್ಜು ಸುದ್ದಾ ನಂದ."

ಗೋಡೆಯ ಈಚೆ ಎಮ್ಮೆ ಹಿಂಡುತ್ತಿದ್ದ ಶಾರದವ್ವನ ಕೈ ನಿಂತಿತ್ತು. ಎಮ್ಮೆ ಕಾಲು ಝಾಡಿಸಿದ ಮೇಲೆ ಮತ್ತೆ ಹಿಂಡಿದಳು.

ಸಂಜೆ ಊಟಕ್ಕೆ ಕೂತಾಗ ಅವಳು ಗಂಡನನ್ನು ಕೇಳಿದಳು: "ನಿಶ್ಚೇ ಮಾಡಿದ್ದು ಮುರದ್ರ ಬೀಗರು ಕಾಯಿ ತಿರುಗಿ ಕೊಡ್ತಾರಲ್ಲ, ಯಾಕ?"

"ಮಾತು ಉಳೀಲಿಲ್ಲಂತ."

"ಹಂಗಾದ್ರ ನಾವೂ ಊರ ಮಂದೀ ಕಾಯಿ ತಿರುಗಿ ಕೊಡಬೇಕ್ರಿ. ಕಾಶೀ ವ್ರತಕ್ಕಂತ ತಂದಿದ್ರಲ್ಲ, ಅವು."

"ಏನ್ ಹುಚ್ಚರ ಗತೆ ಮಾತಾಡ್ತಿ ಬೇ," ಎಂದುಬಿಟ್ಟರು ಮಡಿವಾಳೆಪ್ಪ.

ಮಾತು ಬಾಯಿಂದ ಬಿದ್ದ ಮೇಲೆ ಎಲ್ಲರೂ ತಂತಮ್ಮ ತಾಟು ನೋಡಿದರು. ಶಾರದವ್ವ ಮಗನ ಅನ್ನಕ್ಕೆ ಮಜ್ಜಿಗೆ ಹಾಕಿದಳು.

*

ಸಂತೆಯ ದಿನ ಶಾರದವ್ವ ಕಾಯಿಸಿಟ್ಟ ತುಪ್ಪವನ್ನೆಲ್ಲ ಕಲಘಟಗಿಗೆ ಒಯ್ದು ಮಾರಿ, ಒಂದು ಚೀಲ ತೆಂಗಿನಕಾಯಿ ತಂದಳು. ಬಸ್ಸಿನಿಂದ ಇಳಿದವಳು ಮನೆಗೆ ಬರಲಿಲ್ಲ. ಮೊದಲು ಹೊಳೆಯಪ್ಪನ ಬಾಗಿಲಿಗೆ ಹೋದಳು.

"ಇದು ನಿಮ್ಮ ಕಾಯಿ ತಗೋ ತಮ್ಮಾ. ನನ್ನ ಮಗನ ವ್ರತಕ್ಕಂತ ತಂದಿದ್ದಿ. ಅದು ವ್ರತ ಆಗಿದ್ದಿಲ್ಲ. ಅವಗ ತಲೀ ಬ್ಯಾನಿ ಆಗಿತ್ತು. ನಾವು ಮುಚ್ಚಿಟ್ಟಿದ್ವಿ."

ಹೊಳೆಯಪ್ಪ ಕಾಯಿಯನ್ನು ತಿರುಗಿಸಿ ನೋಡಿದ. "ನಮ್ಮದು ಇಷ್ಟು ದೊಡ್ಡದಿದ್ದಿಲ್ಲ ಬಿಡಬೇ ಯಕ್ಕಾ."

"ಬಡ್ಡಿ ಅಂತ ತಿಳಕೋ."

"ಹಂಗಾದ್ರ ನನ್ನ ಆಕಳ?"

"ಆಕಳದ್ದು ಬ್ಯಾರೆ. ಅದನ್ನ ಕೋರ್ಟು ಹೇಳತೈತಿ. ಇದು ನನ್ನ ಒಲಿಗೆ ಬಂದದ್ದು, ನಾ ಕೊಡಾಕತ್ತೀನಿ."

ಒಂದು ಮನೆಯವರು ಕಾಯಿ ತೆಗೆದುಕೊಂಡು ಚಹಾ ಕುಡಿಸಿದರು. ಇನ್ನೊಂದು ಮನೆಯವರು ಅವಳು ಅಂಗಳ ತುಳಿಯುವ ಮೊದಲೇ ಕದ ಹಾಕಿಕೊಂಡರು. ಅವರ ಕಾಯಿಯನ್ನು ಕಟ್ಟೆಯ ಮೇಲಿಟ್ಟು ಬಂದಳು. ಒಬ್ಬ ಮುದುಕಿ, ನನಗ ಮೊದಲ ಗೊತ್ತಿತ್ತವಾ ಎಂದಳು. ಗೊತ್ತಿದ್ದೂ ಯಾಕೆ ಕೈಮುಗಿದಿ ಎಂದರೆ, ಎಲ್ಲರೂ ಮುಗಿದರು, ನಾ ಒಬ್ಬಾಕಿ ಮುಗೀದ ನಿಂತ್ರ ಚೊಲೋ ಕಾಣಂಗಿಲ್ಲಲ್ಲ ಎಂದಳು.

ಮನೆಗೆ ಬಂದಾಗ ಮಡಿವಾಳೆಪ್ಪ ಬಾಗಿಲಲ್ಲೇ ನಿಂತಿದ್ದರು. ಸುದ್ದಿ ಅವಳಿಗಿಂತ ಮುಂಚೆ ತಲುಪಿತ್ತು.

"ಊರಾಗ ನನ್ನ ಮಾರಿ ತೋರಿಸದಂಗ ಮಾಡಿದಿ."

"ಮಾರಿ ತೋರಸ್ರಿ. ನಾ ತೋರಿಸಿ ಬಂದೀನಿ."

"ನಾಳಿಂದ ಪುರಾಣ ಹಚ್ಚತಾರ. ಯಾವ ಬಾಯಿಲೆ ಓದಲಿ?"

ಶಾರದವ್ವ ಕಾಲು ತೊಳೆದುಕೊಂಡು ಒಳಗೆ ಹೋದಳು. ಮಡಿವಾಳೆಪ್ಪ ಅಂದು ಉಣ್ಣಲಿಲ್ಲ. ಮಹಾನಂದಾ ತಾಟು ತಂದಿಟ್ಟಳು, ತಾಟು ಹಾಗೆಯೇ ಹಿಂದಕ್ಕೆ ಬಂತು.

ಮರುದಿನ ಶಾರದವ್ವ ಉಳಿದ ಕಾಯಿಗಳ ಚೀಲಕ್ಕೆ ಕೈ ಹಾಕುವಾಗ ಕಾಶಿನಾಥ ಬಂದು ಚೀಲವನ್ನು ಹೆಗಲಿಗೇರಿಸಿದ. ಕೇಸು ಆದಂದಿನಿಂದ, ಕೋರ್ಟು ದವಾಖಾನೆ ಬಿಟ್ಟರೆ, ಅವನು ಹಗಲು ಹೊತ್ತಿನಲ್ಲಿ ಓಣಿಗೆ ಇಳಿದಿರಲಿಲ್ಲ.

"ನೀ ಯಾಕೋ?"

"ವಜ್ಜಾ ಐತಿ."

"ಹುಚ್ಚ ಅನಿಸಿಕೊಳ್ಳೂದು ಬ್ಯಾಡ ಅಂದಿದ್ದಿ."

"ನೀ ಒಬ್ಬಾಕಿನ ಅನಿಸಿಕೊಂಡು ಬರಾಕತ್ತೀದಿ," ಎಂದ.

ಕೆರೆಯ ಓಣಿಯ ಗಂಗಾ ಅವನನ್ನು ಕಂಡವಳೇ ಸೆರಗು ತಲೆಯ ಮೇಲೆಳೆದು ಕಾಲಿಗೆ ಬಾಗಿದಳು. ಅವಳ ಎಮ್ಮೆ ನೆಲ ಹಿಡಿದಾಗ ಇವನ ಹೊಸ್ತಿಲಿಗೆ ಕಾಯಿ ಇಟ್ಟು ಹೋಗಿದ್ದಳು. ಮೂರನೇ ದಿನ ಎಮ್ಮೆ ಎದ್ದಿತ್ತು. ಕಾಶಿನಾಥ ಹಿಂದೆ ಸರಿದ.

"ಮುಟ್ಟಬ್ಯಾಡ ಗಂಗಕ್ಕಾ. ನಾ ದಿನಾ ಗುಳಿಗಿ ನುಂಗಾಂವ ಅದೀನಿ."

"ಗುಳಿಗಿ ಯಾರು ನುಂಗಂಗಿಲ್ಲಪಾ. ನಾನೂ ಬಿಪಿಗೆ ನುಂಗತೀನಿ."

"ಬಿಪಿದ್ದಲ್ಲ. ತಲೀದು. ಅವತ್ತ ಎದ್ದು ಕುಂದ್ರಾಕ ಆಗ್ತಿದ್ದಿಲ್ಲ ನನಗ. ಅದಕ್ಕ ಮಲಗಿದ್ದೆ. ನೀ ಬಂದದ್ದೂ ಗೊತ್ತಿಲ್ಲ."

ಶಾರದವ್ವ ಕಾಯಿ ಮುಂದೆ ಹಿಡಿದಳು. ಗಂಗಾ ಕೈ ಹಿಂದಕ್ಕೆ ಕಟ್ಟಿಕೊಂಡಳು.

"ನಾ ತಗೊಳ್ಳಂಗಿಲ್ಲ. ಯಜಮಾನ್ರು ಹೇಳಿದ್ರಂತ ತಂದಿದ್ದೆ. ಅವರ ಬಾಯಿಲೆ ಹೇಳಲಿ, ತಗೋತೀನಿ."

ಆ ಒಂದು ಕಾಯಿ ಚೀಲದಲ್ಲಿ ಉಳಿಯಿತು. ಬರುವ ದಾರಿಯಲ್ಲಿ ಶಾರದವ್ವ ಯಾಕೂಬಸಾಬನ ಬಾಗಿಲಲ್ಲಿ ನಿಂತಳು. ಜರೀನಾಬಿ ಹೊರಗೆ ಬಂದು, "ನಾ ಕಾಯಿ ಗೀಯಿ ಏನೂ ಕೊಟ್ಟಿದ್ದಿಲ್ಲಕ್ಕಾ" ಎಂದಳು.

"ಒಂದು ಮಾತು ಕೊಟ್ಟಿದ್ದಿ. ನಾವು ತಗೊಳ್ಳಲಿಲ್ಲ."

"ಬಾ, ಕುಂದ್ರು. ಬಿಸಲಾಗ ತಿರಗಿ ತಿರಗಿ ಮಾರಿ ಕರ್ರಗಾಗೇತಿ," ಎಂದು ಜರೀನಾಬಿ ಚಾಪೆ ಹಾಸಿದಳು.

*

ಕಲ್ಮೇಶ್ವರ ಗುಡಿಯಲ್ಲಿ ದೀಪ ಹಚ್ಚುವ ಹೊತ್ತಿಗೆ ಜನ ನೆರೆದಿದ್ದರು. ಎಂದಿಗಿಂತ ಹೆಚ್ಚು. ಪದ್ಯ ಓದುವವರು ಮಡಿವಾಳೆಪ್ಪ, ಅರ್ಥ ಹೇಳುವವರು ಲಕ್ಷ್ಮಪ್ಪ ಮಾಸ್ತರರು. ಮಡಿವಾಳೆಪ್ಪ ವಿಭೂತಿ ಧರಿಸಿ, ಶಲ್ಯ ಹೊದ್ದು, ಪುಸ್ತಕಕ್ಕೆ ಹೂವೇರಿಸಿ ಕೂತರು. ಅವರ ಓದಿನಲ್ಲಿ ಒಂದು ಗುಣವಿತ್ತು. ಪದ್ಯದ ಸಾಲು ಮುಗಿದಲ್ಲಿ ಅವರು ಉಸಿರು ಬಿಡುವುದು ಯಾರಿಗೂ ಕೇಳುತ್ತಿರಲಿಲ್ಲ. ದನಿ ತಾನೇ ಮುಂದಿನ ಸಾಲಿಗೆ ಇಳಿಯುತ್ತಿತ್ತು. ಅಂದು ಮೊದಲ ಪದ್ಯದಲ್ಲೇ ಎರಡು ಕಡೆ ಉಸಿರು ಕೇಳಿಸಿತು.

ಹೆಂಗಸರ ಸಾಲಿನಿಂದ ಗಂಗಾ ಎದ್ದು ನಿಂತಳು.

"ನಡುವ ಮಾತಾಡ್ತೀನಿ, ತಪ್ಪು ತಿಳೀಬ್ಯಾಡ್ರಿ ಯಜಮಾನ್ರ. ಶಾರದಕ್ಕ ಬಂದು ಏನೇನೋ ಅಂದಳು. ಕಾಯಿ ತಿರುಗಿ ಕೊಡಾಕ ಬಂದಿದ್ದಳು. ನಾ ತಗೊಂಡಿಲ್ಲ. ತಗೋಬೇಕೋ ಬ್ಯಾಡೋ, ನೀವ ಹೇಳ್ರಿ."

ಬಾಗಿಲ ಹತ್ತಿರ ಕಾಶಿನಾಥ ನಿಂತಿದ್ದ. ಮಹಾನಂದಾ ಕಂಬದ ಮರೆಗಿದ್ದಳು. ಗುಡಿಯ ಹೊರಗಿನ ಕಟ್ಟೆಯ ಮೇಲೆ ಯಾಕೂಬಸಾಬ ಬಂದು ಕೂತಿದ್ದ; ಪುರಾಣ ಕೇಳಲು ಅವನು ಕೂರುತ್ತಿದ್ದ ಜಾಗ ಅದೇ.

ಮಡಿವಾಳೆಪ್ಪ ಪುಸ್ತಕದ ಮೇಲಿನ ಹೂವನ್ನು ತೆಗೆದು ಬದಿಗಿಟ್ಟರು. ಮತ್ತೆ ಅದೇ ಜಾಗದಲ್ಲಿಟ್ಟರು. ಮಗನ ಕಡೆ ನೋಡಿದರು. ಅವನು ತಲೆ ತಗ್ಗಿಸಿರಲಿಲ್ಲ.

"ತಗೋ ಗಂಗವ್ವಾ," ಎಂದರು.

"ಅಂದ್ರ?"

"ಆಕಿ ಹೇಳಿದ್ದು ಖರೆ ಐತಿ. ನನ್ನ ಮಗಗ ಬ್ಯಾನಿ ಇತ್ತು. ವ್ರತ ಅಂತ ನಾ ಹೇಳಿದೆ. ಜರೀನಾ ಬಂದು ದವಾಖಾನಿಗೆ ಒಯ್ಯಿ ಅಂದಿದ್ಲು. ನಾ ಕೇಳಲಿಲ್ಲ."

"ಮತ್ತ ನನ್ನ ಎಮ್ಮಿ ಎದ್ದದ್ದು?"

"ಎಮ್ಮಿಗೆ ಹಗಲೂ ರಾತ್ರಿ ಗಂಜಿ ಕುಡಿಸಿದಾಕಿ ನೀನವಾ."

ಹಿಂದಿನಿಂದ ಯಾರೋ, "ಸುಳ್ಳು ಹೇಳಿದ ಬಾಯಿಲೆ ದೇವರ ಪುರಾಣ ಹೆಂಗ ಓದತಾರಪಾ" ಎಂದರು. ಮಡಿವಾಳೆಪ್ಪ ತಿರುಗಿ ನೋಡಲಿಲ್ಲ. ಪುಸ್ತಕವನ್ನು ಎರಡೂ ಕೈಯಲ್ಲಿ ಎತ್ತಿ ಲಕ್ಷ್ಮಪ್ಪ ಮಾಸ್ತರರ ಮುಂದಿಟ್ಟರು. ಶಲ್ಯ ಸರಿಪಡಿಸಿಕೊಂಡು ಎದ್ದು, ಗಂಡಸರ ಸಾಲಿನ ಕೊನೆಯಲ್ಲಿ ನೆಲದ ಮೇಲೆ ಕೂತರು.

ಮಾಸ್ತರರು ಅರ್ಥ ಬಲ್ಲವರು, ರಾಗ ಬಲ್ಲವರಲ್ಲ. ಮೂರನೇ ಸಾಲಿನಲ್ಲಿ ತಡವರಿಸಿದರು. ಕೂತವರೆಲ್ಲ ಕೊನೆಯ ಸಾಲಿನ ಕಡೆ ಹೊರಳಿದರು. ಮಡಿವಾಳೆಪ್ಪ ಕೂತಲ್ಲಿಂದಲೇ ಆ ಪದವನ್ನು ಮೆಲ್ಲಗೆ ಎತ್ತಿಕೊಟ್ಟರು. ಮಾಸ್ತರರು ಅದನ್ನು ಹಿಡಿದು ಮುಂದೆ ಓದಿದರು.

*

ಅಪೀಲಿನ ಅವಧಿ ಮುಗಿಯುವ ಮೊದಲೇ ಅವರೆಲ್ಲ ಒಂದೇ ಬಸ್ಸಿನಲ್ಲಿ ಧಾರವಾಡಕ್ಕೆ ಹೋದರು. ಯಾಕೂಬಸಾಬ ಹೇಳಿದ ಹಾಗೆ ತನ್ನ ಟಿಕೆಟ್ಟು ತಾನೇ ತೆಗೆಸಿದ. ವಕೀಲರ ಮುಂದೆ ಕೂತು, "ನನ್ನ ದುಡ್ಡು ಹೋಗಿದ್ದು ಖರೆ, ಅದನ್ನೂ ಬರೀರಿ. ಹುಡುಗನ ತಲಿ ಠಿಕಾಣಿ ಇದ್ದಿಲ್ಲ, ಅದೂ ಖರೆ. ಎರಡೂ ಬರದ್ರ ಸಹಿ ಮಾಡ್ತೀನಿ" ಎಂದ. ಎರಡನ್ನೂ ಬರೆದರು. ಮಡಿವಾಳೆಪ್ಪ ತಮ್ಮ ಕಾಗದವನ್ನು ಪೂರ್ತಿ ಓದಿಸಿ ಕೇಳಿ, ಸಹಿ ಮಾಡಿದರು. ಕಾಶಿನಾಥನ ಸರದಿ ಬಂದಾಗ ಪ್ರಭು ಕೇಳಿದರು, "ಈಗ ಬರೀಲೇನಪಾ?"

"ಬರೀರಿ ಸರ್. ಊರಾಗ ಹೇಳಿ ಆಗೇತಿ. ಕೋರ್ಟು ಒಂದ ಉಳದೈತಿ."

ಕುಂದಗೋಳದವರು ಬಹಳ ದಿನ ತಡೆಯಲಿಲ್ಲ. ಹುಡುಗನ ಕಾಕಾ ಬೈಕಿನ ಮೇಲೆ ಬಂದ. ಚಹಾ ಬೇಡ ಎಂದ. ನಮ್ಮ ಸೀರೆ ನಿಮ್ಮಲ್ಲೇ ಇರಲಿ, ಕಾಯಿ ಮಾತ್ರ ಕೊಟ್ಟುಬಿಡಿ, ಮಾತು ಮುರಿದ ಲೆಕ್ಕ ಆಗಬೇಕು ಎಂದ. ಮಡಿವಾಳೆಪ್ಪ ಜಗಲಿಯಿಂದ ಕಾಯಿ ಇಳಿಸಲು ಹೋದರು. ಶೈಲಶ್ರೀ ಮುಂದೆ ಬಂದು ಸೀರೆಯ ಪೊಟ್ಟಣವನ್ನು ಅವನ ಕೈಯಲ್ಲಿಟ್ಟಳು.

"ಸೀರಿ ಒಯ್ಯಿರಿ ಕಾಕಾರ, ಅಂಗಡ್ಯಾಗ ಇಂಥಾವು ದಿನಾ ಮಡಚತೀನಿ ನಾ. ಕಾಯಿ ನನ್ನ ಉಡ್ಯಾಗ ಬಿದ್ದದ್ದು, ಅದು ಇರಲಿ."

"ಅದ್ಹೆಂಗವಾ? ಪದ್ಧತಿ ಹಂಗಿಲ್ಲ."

"ಈ ಮನ್ಯಾಗ ಕಾಯಿ ತಿರುಗಿ ಕೊಟ್ಟು ಸಾಕಾಗೇತ್ರಿ."

ಅವನು ಸೀರೆ ಒಯ್ದ. ಬೈಕಿನ ಸದ್ದು ಮರೆಯಾಗುವ ತನಕ ಶಾರದವ್ವ ಬಾಗಿಲಲ್ಲಿ ನಿಂತಿದ್ದಳು. ಒಳಗೆ ಬಂದು ಮಗಳ ನೆತ್ತಿಯ ಮೇಲೆ ಒಮ್ಮೆ ಕೈಯಿಟ್ಟು, ಎಮ್ಮೆಯ ಕಡೆ ಹೋದಳು.

ಧಾರವಾಡದ ಕೋರ್ಟಿನ ಸುದ್ದಿ ಬಂದದ್ದು ಶ್ರಾವಣ ಮುಗಿಯುವಾಗ. ಹೊಸ ಸಾಕ್ಷಿಗಳನ್ನು ತೆಗೆದುಕೊಂಡಿದ್ದಾರೆ, ಅಪೀಲು ಇತ್ಯರ್ಥವಾಗುವ ತನಕ ಶಿಕ್ಷೆ ನಿಲ್ಲಿಸಿದ್ದಾರೆ, ಹುಡುಗನನ್ನು ಪರೀಕ್ಷೆ ಮಾಡಿ ತಿಳಿಸಲು ಆಸ್ಪತ್ರೆಗೆ ಬರೆದಿದ್ದಾರೆ ಎಂದು ಪ್ರಭು ಫೋನಿನಲ್ಲಿ ಹೇಳಿದರು. ಮುಂದಿನದು ಗೊತ್ತಿಲ್ಲ, ಈಗ ಅವ ಮನೆಯಲ್ಲಿರಬಹುದು ಎಂದರು. ಯಾರೂ ಕುಣಿಯಲಿಲ್ಲ. ಜೇಲು ತಪ್ಪಿತೆಂದು ಯಾರೂ ಅನ್ನಲಿಲ್ಲ. ಮಡಿವಾಳೆಪ್ಪ ಎದ್ದು ಬಾಗಿಲ ತನಕ ಹೋಗಿ, ಹಿಂದಕ್ಕೆ ಬಂದು, ಕೂತರು.

ಅಂದು ಸಂಜೆ ಶೈಲಶ್ರೀ ಕುಂದಗೋಳದ ಕಾಯಿಯನ್ನು ಹಿತ್ತಲ ಒಗೆಯುವ ಕಲ್ಲಿಗೆ ಹೊಡೆದು ಒಡೆದಳು. ನೀರು ಇರಲಿಲ್ಲ. ಒಳಗೆಲ್ಲ ಕೊಬ್ಬರಿಯಾಗಿತ್ತು.

"ವೈನಿ, ನೋಡಿಲ್ಲೆ. ಅಗದಿ ಒಣಗಿ ಹೋಗೇತಿ. ಆ ಮನ್ಯಾಗ ನಾನೂ ಹಿಂಗ ಆಗತಿದ್ದೆ ನೋಡು."

"ಬೆಳ್ಳೊಳ್ಳಿ ಹಾಕಿ ಕುಟ್ಟು. ರೊಟ್ಟಿಗೆ ಹೊಂದತೈತಿ," ಎಂದಳು ಮಹಾನಂದಾ. ಸುಮಾರು ದಿನಗಳ ಮೇಲೆ ಅವಳು ನಕ್ಕಿದ್ದಳು.

ಊಟದ ಹೊತ್ತಿಗೆ ಯಾಕೂಬಸಾಬ ಕೋರ್ಟಿನ ಸುದ್ದಿ ಕೇಳಲು ಬಂದ. ಮಡಿವಾಳೆಪ್ಪ ಅವನಿಗೆ ತಮ್ಮ ಪಕ್ಕದಲ್ಲೇ ತಾಟು ಹಾಕಿಸಿದರು. ಓಣಿಯಲ್ಲಿ ಹೋಗುವವರು ಕಾಣುತ್ತಿದ್ದರು. ಗೋಡೆಯಾಚೆ ಮೇಕೆಯ ಗಂಟೆ ಆಗಾಗ ಸದ್ದು ಮಾಡುತ್ತಿತ್ತು.

"ಆ ಗಂಟಿ ಬಿಚ್ಚಿ ಕೊಟ್ಟುಬಿಡಲೇನೋ ಕಾಶೀ?" ಎಂದ ಯಾಕೂಬಸಾಬ. "ನಿನಗ ತ್ರಾಸ ಆಗತಿದ್ರ."

"ಇರಲಿ ಕಾಕಾ," ಎಂದ ಕಾಶಿನಾಥ. "ಆಕಳ ದುಡ್ಡು ಮುಟ್ಟೂತನಕ ನಿಮ್ಮ ಕಡೆ ಇರಲಿ."

ಶೈಲಶ್ರೀ ಎಲ್ಲರ ತಾಟಿಗೂ ಕೊಬ್ಬರಿ ಚಟ್ನಿ ಹಾಕುತ್ತ ಬಂದಳು. ಊಟ ಮುಗಿಯುತ್ತ ಬಂದಾಗ ಮಹಾನಂದಾ ರೂಢಿಯಂತೆ ಕದ ಹಾಕಲು ಎದ್ದಳು. ಅರ್ಧ ಕದ ಹಾಕಿದ್ದಳು, ಅಷ್ಟರಲ್ಲಿ ಮಡಿವಾಳೆಪ್ಪ ಕೂತಲ್ಲಿಂದಲೇ ಕೇಳಿದರು. ಪುರಾಣ ಓದುವ ದನಿ. ಓಣಿಯ ಆ ತುದಿಗೂ ಕೇಳುವಂಥದು.

"ಕದ ಯಾಕ ಹಾಕ್ತಿ ಬೇ? ಗಾಳಿ ಬರಲಿ. ಕಾಶೀ, ಗುಳಿಗಿ ತಗೊಂಡೇನಪಾ?"

"ಇಲ್ಲ ಯಪ್ಪಾ," ಎಂದ ಕಾಶಿನಾಥ. "ತಗೋಬೇಕು."

ಎದ್ದು ಹೋಗಿ, ವಿಭೂತಿ ಡಬ್ಬಿಯಿಂದ ಗುಳಿಗೆಯ ಪಟ್ಟಿಯನ್ನು ತಾನೇ ತೆಗೆದುಕೊಂಡು ಬಂದು, ಉಪ್ಪಿನ ಬಟ್ಟಲ ಪಕ್ಕದಲ್ಲಿ ಇಟ್ಟ. ಒಂದನ್ನು ನುಂಗಿ ನೀರು ಕುಡಿದ. ಉಳಿದವು ಅಲ್ಲೇ ಇದ್ದವು.